ಹಿಂದಿನ ಸೀಟಿನ ಭಾರ

“ಸ್ಪ್ರಿಂಗು ಜಿಗಿದ್ರ ಎದಿಗೇ ಬಡಿತೈತ್ರಿ ಸರ. ಹಿಂದಕ್ಕ ಸರೀರಿ.”

ಮಾರೇಶ ಸರಿಯಲಿಲ್ಲ. ಮೆಕ್ಯಾನಿಕ್ ದೊಡ್ಡಬೀರಪ್ಪ ಒಳಗೊಳಗೇ ಬೈದುಕೊಂಡು ಜಾಕನ್ನು ಇಳಿಸತೊಡಗಿದ. ಕಾರಿನ ಮುಂದಿನ ಎಡಗಾಲಿಯನ್ನು ಹಿಡಿದಿದ್ದ ಕಬ್ಬಿಣದ ತೋಳು ನಿಧಾನವಾಗಿ ಕೆಳಗೆ ಬಂತು. ಅದರ ಮೇಲೆ ಇಷ್ಟು ವರ್ಷ ಕುಗ್ಗಿ ಕೂತಿದ್ದ ಸ್ಪ್ರಿಂಗು ಸಡಿಲಗೊಂಡು ನೆಲಕ್ಕೆ ಬಿತ್ತು, ಎಣ್ಣೆ ಕುಡಿದ ಮಣ್ಣಿನ ಮೇಲೆ ಉರುಳಿ ಅವನ ಚಪ್ಪಲಿಗೆ ತಾಗಿ ನಿಂತಿತು. ಜಿಗಿಯಲಿಲ್ಲ. ಯಾರ ಎದೆಗೂ ಬಡಿಯಲಿಲ್ಲ. ಮಾರೇಶನಿಗೆ ಯಾಕೋ ನಿರಾಸೆಯಾಯಿತು.

ಕುಕ್ಕರಗಾಲಲ್ಲಿ ಕೂತು ಅದನ್ನು ಎತ್ತಿಕೊಂಡ. ತುಕ್ಕು ಅಂಗೈಗೆ ಕೆಂಪಗೆ ಹತ್ತಿತು. ಎರಡೂ ಕೈಯಿಂದ ಒತ್ತಿ ನೋಡಿದ. ಮನುಷ್ಯರ ಕೈಗೆ ಬಗ್ಗುವಂಥದ್ದಲ್ಲ ಅದು. ಆದರೂ ಇದೇ ಮೆತ್ತಗಾಗಿತ್ತು, ಇದೇ ಕುಸಿದಿತ್ತು ಎಂದು ತನಗೆ ತಾನೇ ಹೇಳಿಕೊಂಡ. ಒಂಬತ್ತು ವರ್ಷದಿಂದ ಹೇಳಿಕೊಳ್ಳುತ್ತಿದ್ದ ಮಾತು. ಅವ್ವನನ್ನು ಕೊಂದದ್ದು ಅಪ್ಪನಲ್ಲ, ಈ ಸ್ಪ್ರಿಂಗು.

ಅವನು ಕೊಟ್ಟೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಲೆಕ್ಚರರ್. ರಜೆಯ ದಿನವೂ ಅಂಗಿಯ ಜೇಬಿನಲ್ಲಿ ಒಂದು ತುಂಡು ಚಾಕ್‌ಪೀಸ್ ಇರುತ್ತಿತ್ತು. ಇವತ್ತು ಭಾನುವಾರ. ಬೆಳಗಿನಿಂದ ಗ್ಯಾರೇಜಿನ ನೆಲದ ಮೇಲೆ ಬಾಣದ ಗುರುತುಗಳನ್ನು ಎಳೆಯುತ್ತಿದ್ದ: ಕಾರು ಬಲಕ್ಕೆ ತಿರುಗಿದರೆ ಮೈಭಾರವೆಲ್ಲ ಎಡಕ್ಕೆ ಹೋಗುತ್ತದೆ, ಮುಂದಿನ ಎಡಗಾಲಿ ಅದನ್ನು ತಡೆಯಬೇಕಾಗುತ್ತದೆ, ತಡೆಯದಿದ್ದರೆ ಕಾರು ರಸ್ತೆ ಬಿಟ್ಟು ಆಚೆ ಹೋಗುತ್ತದೆ. ದೊಡ್ಡಬೀರಪ್ಪ ಆ ಬಾಣಗಳ ಮೇಲೆಯೇ ಕಾಲಿಟ್ಟು ಓಡಾಡುತ್ತಿದ್ದ.

ದುಂಡು ಮೂಗಿನ, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿರುವ ಹಳೆಯ ಕಾರು. ಊರಿಗೆ ಮಾರುತಿ ಬಂದು, ಅದೂ ಹಳೆಯದಾಗುತ್ತಿದ್ದ ಕಾಲ. ಇಂಥ ಕಾರಿಗೆ ಈಗ ದುಡಿಯುವವನು ಹುಚ್ಚನೇ ಸರಿ. ಮೊದಲು ಅದು ಹತ್ತಿ ಮಿಲ್ಲಿನ ಸಾಹುಕಾರ ವೀರಭದ್ರಯ್ಯನವರದಾಗಿತ್ತು. ಮಾರೇಶನ ಅಪ್ಪ ಓಬಣ್ಣ ಅದಕ್ಕೆ ಇಪ್ಪತ್ತು ವರ್ಷ ಡ್ರೈವರ್. ಆ ಇಪ್ಪತ್ತು ವರ್ಷದಲ್ಲಿ ಓಬಣ್ಣನ ಮನೆಯವರು ಅದನ್ನು ತೊಳೆದಿದ್ದರು, ಒರೆಸಿದ್ದರು, ಅದರಲ್ಲಿ ಕೂತಿರಲಿಲ್ಲ.

ಒಂದು ಸಲ, ಒಂದೇ ಸಲ, ಅವ್ವ ಗಾದೆಮ್ಮ ಅದನ್ನು ಹತ್ತಿದಳು. ಚಿಗಟೇರಿಯಲ್ಲಿ ಅವಳ ತಮ್ಮನ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಬಸ್ಸು ತಪ್ಪಿತ್ತು. ಸಾಹುಕಾರರು ಒಳ್ಳೆಯ ಮನಸ್ಸಿನಲ್ಲಿದ್ದರೋ ಏನೋ, ಕಾರು ತಗೊಂಡು ಹೋಗು ಅಂದರು. ಓಬಣ್ಣ ಕೇರಿಯ ಬಾಗಿಲಿಗೇ ಕಾರು ತಂದನಂತೆ. ಮುಂದೆ ಹತ್ತಲು ಹೋದವಳನ್ನು ತಡೆದು, ಹಿಂದಿನ ಬಾಗಿಲು ತೆಗೆದು, “ಹಿಂದ ಕುಂದ್ರು, ಸಾಹುಕಾರ್ತಿ ಹಂಗ” ಅಂದನಂತೆ. ಕೇರಿಯ ಹೆಂಗಸರೆಲ್ಲ ನಕ್ಕರಂತೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸೀಟಿನ ಅಂಚಿಗೆ ಕೂತಳಂತೆ. ಮಾರೇಶ ಆಗ ಧಾರವಾಡದಲ್ಲಿ ಓದುತ್ತಿದ್ದ. ಅವನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು, ಅವನ ಪಾಲಿಗೆ ಉಳಿದದ್ದು ಇಂಥ ಅಂತೆ-ಕಂತೆಗಳು ಮಾತ್ರ.

ಚಿಗಟೇರಿಯ ದಾರಿಯಲ್ಲಿ ಕೆರೆಯ ಏರಿ ಹತ್ತುವ ಮೊದಲು ರಸ್ತೆ ಬಲಕ್ಕೆ ತಿರುಗುತ್ತದೆ. ಅಲ್ಲೊಂದು ಹುಣಸೆಮರ. ಆ ದಿನ ರಸ್ತೆ ತಿರುಗಿತು, ಕಾರು ತಿರುಗಲಿಲ್ಲ.

ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ಓಬ ಕುಡಿದಿದ್ದ ಎಂದರು ಕೆಲವರು. ಕೂರಬಾರದ ಕಡೆ ಕೂತರೆ ಇನ್ನೇನಾಗುತ್ತದೆ ಎಂದರು ಇನ್ನು ಕೆಲವರು. ಸಾಹುಕಾರರು ಕಾರನ್ನು ಮಿಲ್ಲಿನ ಹಿಂದೆ ನಿಲ್ಲಿಸಿಬಿಟ್ಟರು. ಅದರೊಳಗೆ ವಾಚ್‌ಮನ್ನನ ಕೋಳಿಗಳು ಮೊಟ್ಟೆ ಇಟ್ಟವು. ಓಬಣ್ಣ ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಏನಾಯಿತೆಂದು ಕೇಳಿದವರಿಗೆಲ್ಲ “ಮರ ಬಂತು” ಎಂದಷ್ಟೇ ಹೇಳುತ್ತಿದ್ದ. ಆಮೇಲೆ ಕೇಳುವವರೂ ಕಡಿಮೆಯಾದರು.

ಅಪ್ಪ ಕುಡಿದಿದ್ದನೆ? ಮಾರೇಶ ಒಂದು ದಿನವೂ ಕೇಳಲಿಲ್ಲ. ಅಪ್ಪ ಕುಡಿಯುವವನಲ್ಲ ಎಂದು ಅವನಿಗೆ ಗೊತ್ತು. ಆದರೆ ಗೊತ್ತಿರುವುದು ಬೇರೆ, ನಂಬುವುದು ಬೇರೆ. ಒಂದೇ ಮನೆಯಲ್ಲಿ ಉಂಡು, ಒಂದೇ ಪಡಸಾಲೆಯಲ್ಲಿ ಮಲಗುವ ಮುದುಕನನ್ನು ಒಂದು ಮಾತು ಕೇಳುವ ಧೈರ್ಯವಿಲ್ಲದೆ ಅವನು ಸಾಹುಕಾರರ ಮಗನಿಂದ ಆ ಕಾರನ್ನೇ ಕೊಂಡ. ಮನುಷ್ಯರು ಸುಳ್ಳು ಹೇಳಬಹುದು, ಬಿಚ್ಚಿದರೆ ಕಬ್ಬಿಣ ಹೇಳುವುದಿಲ್ಲ ಎಂದು ಓದಿದವರ ನಂಬಿಕೆ.

ಬಲಗಡೆಯ ಕೆಲಸ ಹಿಂದಿನ ವಾರವೇ ಮುಗಿದಿತ್ತು. ಈಗ ಎಡಗಡೆಗೂ ಹೊಸ ಸ್ಪ್ರಿಂಗು ಏರಿತು: ಗಿಡ್ಡದ್ದು, ಗಡುಸಾದದ್ದು, ಹುಬ್ಬಳ್ಳಿಯಲ್ಲಿ ಹೇಳಿ ಮಾಡಿಸಿದ್ದು. ಹೊಸ ಶಾಕ್ ಅಬ್ಸಾರ್ಬರು, ತೋಳಿನ ಕೀಲುಗಳಿಗೆ ಹೊಸ ರಬ್ಬರ್ ಬುಷ್ಷು. ಎಡಬಲದ ಗಾಲಿಗಳನ್ನು ಒಂದಕ್ಕೊಂದು ಕಟ್ಟುವ ಅಡ್ಡಸರಳು ಹಳೆಯದಕ್ಕಿಂತ ದಪ್ಪ. ಗಾಲಿಗಳ ತಲೆ ಕೊಂಚ ಒಳಕ್ಕೆ ವಾಲುವಂತೆ ನಡುವೆ ತಗಡಿನ ತುಂಡುಗಳು. ಇಷ್ಟಾದರೆ ತಿರುವಿನಲ್ಲಿ ಕಾರು ಮೈ ಚೆಲ್ಲುವುದಿಲ್ಲ, ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ.

“ಗಾಲಿ ಸೊಟ್ಟ ಆತಲ್ರಿ ಸರ,” ಎಂದ ದೊಡ್ಡಬೀರಪ್ಪ.

“ಹಂಗೇ ಇರಬೇಕು.”

“ಮೂಗೂ ಕೆಳಗಾತು. ಹಂಪ್ ಬಂದ್ರ ನೆಲಕ್ಕ ಉಜ್ಜತೈತಿ.”

“ಉಜ್ಜಲಿ.”

“ನಮ್ಮ ಕಡಿ ತಿರುವು ಎಷ್ಟದಾವ್ರಿ? ತಗ್ಗೇ ಜಾಸ್ತಿ. ತಗ್ಗಿಗೆ ಮೆತ್ತಗಿರಬೇಕು, ತಿರುವಿಗೆ ಗಟ್ಟಿ ಇರಬೇಕು ಅಂದ್ರ ಕಾರಿಗೆ ಎರಡು ಮೈ ಬೇಕಾಕೈತಿ.”

“ಒಂದೇ ತಿರುವು ಸಾಕು ನನಗ.”

ಆ ಒಂದು ತಿರುವು ಯಾವುದೆಂದು ಕೊಟ್ಟೂರಿನಲ್ಲಿ ತಿಳಿಯದವರಿಲ್ಲ. ಆದರೆ ಸುಮ್ಮನಿರುವುದು ದೊಡ್ಡಬೀರಪ್ಪನ ಜಾಯಮಾನವಲ್ಲ. ಕಾರಿನೊಳಗೆ ಕತ್ತು ತೂರಿಸಿ, ಮುಂದಿನ ಗಾಜಿನ ಮೇಲ್ಗಡೆ ಬೆರಳಾಡಿಸಿದ.

“ಇಲ್ಲಿ ಕನ್ನಡಿ ಇಲ್ಲ ನೋಡ್ರಿ. ಸ್ಕ್ರೂ ತೂತು ಎರಡೂ ಹಂಗೇ ಅದಾವ. ಒಂದು ಹಾಕಲೇನು?”

“ಆವತ್ತು ಒಡದಿರಬೇಕು.”

“ಎಲ್ಲೀದ್ರಿ! ಕಾರು ಹೊಸಾದಿದ್ದಾಗ್ಲೇ ಸಾಹುಕಾರ ಅದನ್ನ ಕೀಳಿಸ್ಯಾನ, ಇದೇ ಗ್ಯಾರೇಜಿನಾಗ, ನಮ್ಮಪ್ಪನ ಕೈಲೇ. ಹಿಂದ ಮನಿ ಹೆಣ್ಮಕ್ಕಳು ಕುಂತಿರ್ತಾರ, ಡ್ರೈವರ್ ಆದಾವ ಕನ್ನಡಿಯಾಗ ಅವರ ಮಾರಿ ಯಾಕ ನೋಡಬೇಕು ಅಂತ. ನಮ್ಮಪ್ಪ ಹೇಳಿ ಹೇಳಿ ನಗ್ತಿದ್ದ. ಹೊರಗಿನ ಕನ್ನಡಿ ಒಂದ್ರ ಮ್ಯಾಲೆ ನಿಮ್ಮಪ್ಪ ಇಪ್ಪತ್ತು ವರ್ಷ ದೂಡ್ಯಾನ ನೋಡ್ರಿ.”

ದೊಡ್ಡಬೀರಪ್ಪ ನಕ್ಕ. ಮಾರೇಶನೂ ನಕ್ಕ. ಇಂಥ ಕಡೆ ನಗುವುದು ನೌಕರಿ ಸಿಕ್ಕ ಮೇಲೆ ಅವನು ರೂಢಿಸಿಕೊಂಡದ್ದು.

“ಕನ್ನಡಿ ಬ್ಯಾಡ. ಇದ್ದದ್ದು ಇದ್ದಂಗ ಇರಲಿ. ಮುಂದಿನ ಗಾಲಿಗಳದ್ದಷ್ಟೇ ಬದಲಾಗಬೇಕು.”

ಪ್ರಯೋಗ ಮಾಡುವಾಗ ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಮುಟ್ಟಬೇಡಿ ಎಂದು ಅವನು ವರ್ಷವರ್ಷವೂ ಪಾಠ ಹೇಳುತ್ತಿದ್ದ. ಹೇಳುವಾಗ ತನ್ನ ಧ್ವನಿ ತನಗೇ ಬೇರೆ ಯಾರದೋ ಎನಿಸುತ್ತಿತ್ತು. ಈಗಲೂ ಎನಿಸಿತು.

ಬೆಳಿಗ್ಗೆ ಹೆಂಡತಿ ಶಾಂತಕುಮಾರಿ ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದಿಟ್ಟು, ಹೋಗದೆ ಅಲ್ಲೇ ನಿಂತಿದ್ದಳು.

“ಇವತ್ತಿಗೆ ಮುಗೀತೈತೇನ್ರಿ?”

“ಮುಗೀತೈತಿ.”

“ಮುಗದ ಮ್ಯಾಲೆ?”

ಅವನು ಮಂಡಕ್ಕಿಯಲ್ಲಿ ಮೆಣಸಿನಕಾಯಿ ಹುಡುಕತೊಡಗಿದ.

“ಮಾವನ್ನ ಆ ಕಡಿ ಕರಕೊಂಡು ಹೋಗಬ್ಯಾಡ್ರಿ.”

“ಯಾವ ಕಡಿ?”

“ನಿಮಗ ಗೊತ್ತೈತಿ.”

“ನೀನೂ ಬಾ.”

“ನಾ ಒಲ್ಲೆ. ಆ ಕಾರಿನಾಗ ಆಗ್ಲೇ ಮಂದಿ ತುಂಬ್ಯಾರ.”

ಅವಳು ಸಿಟ್ಟಿನಿಂದ ಹೇಳಿದ್ದಲ್ಲ. ಬಸ್ಸಿನಲ್ಲಿ ಜಾಗವಿಲ್ಲ ಎನ್ನುವ ಹಾಗೆ ಹೇಳಿ ಒಳಗೆ ಹೋದಳು. ಮದುವೆಯಾಗಿ ಬಂದಾಗಿನಿಂದ ಅವಳು ಆ ಕಾರನ್ನು ಮುಟ್ಟಿಲ್ಲ ಎಂಬುದು ಅವನಿಗೆ ಆಗಲೇ ಹೊಳೆದದ್ದು.

ಮಧ್ಯಾಹ್ನದ ಹೊತ್ತಿಗೆ ಕಾರು ತನ್ನ ಗಾಲಿಗಳ ಮೇಲೆ ನಿಂತಿತು. ದೊಡ್ಡಬೀರಪ್ಪ ಎರಡೂ ಕೈ ಊರಿ ಬಾನೆಟ್ಟನ್ನು ಒತ್ತಿ ಬಿಟ್ಟ. ಮೊದಲಾದರೆ ತೊಟ್ಟಿಲಿನಂತೆ ತೂಗಾಡುತ್ತಿದ್ದ ಮೂಗು ಈಗ ಒಂದು ಸಲ ತಗ್ಗಿ, ಒಂದು ಸಲ ಎದ್ದು ಸುಮ್ಮನಾಯಿತು.

ಇನ್ನು ಬುಷ್ಷುಗಳ ಬೋಲ್ಟು ಬಿಗಿಯುವುದೊಂದು ಬಾಕಿ. ಅದನ್ನು ಕೂರುವವರೆಲ್ಲ ಕೂತ ಮೇಲೆಯೇ ಬಿಗಿಯಬೇಕು. ಖಾಲಿ ಕಾರಿಗೆ ಬಿಗಿದರೆ, ಜನ ಕೂತೊಡನೆ ಒಳಗಿನ ರಬ್ಬರು ತಿರುಚಿಕೊಳ್ಳುತ್ತದೆ. ಆಯುಷ್ಯ ಇರುವವರೆಗೂ ತಿರುಚಿಕೊಂಡೇ ಇದ್ದು ಹರಿಯುತ್ತದೆ. ಇದಕ್ಕೆ ದೊಡ್ಡಬೀರಪ್ಪನ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಪಕ್ಕದ ಹಿಟ್ಟಿನ ಗಿರಣಿಯಿಂದ ಜೋಳದ ಚೀಲ ತಂದು ಸೀಟಿನ ಮೇಲೆ ಕೂರಿಸುವುದು. ಆಳಿಗೊಂದು ಚೀಲ, ಸಾಹುಕಾರರಿಗಾದರೆ ಒಂದೂವರೆ ಎಂದು ಅವನ ತಮಾಷೆ.

“ಯಾರ್ಯಾರು ಕುಂದ್ರತೀರಿ?”

“ನಾನು ಓಡಸ್ತೀನಿ. ಬಾಜೂಕ ಅಪ್ಪ.”

“ಹಿಂದ?”

ಮಾರೇಶ ಕೈಗೆ ಹತ್ತಿದ ತುಕ್ಕನ್ನು ಉಜ್ಜಿಕೊಳ್ಳುತ್ತ, “ಎಡಗಡಿ ಒಬ್ರು,” ಎಂದ.

“ಅಕ್ಕಾರೇನ್ರಿ?”

“ಅಲ್ಲ.”

ದೊಡ್ಡಬೀರಪ್ಪ ಅವನ ಮುಖ ನೋಡಿ, ಮತ್ತೆ ಕೇಳದೆ ಹೋಗಿ ಚೀಲ ಹೊತ್ತು ತಂದ. ಕಾರಿನ ಪಕ್ಕ ಇಳಿಸಿ ಟವೆಲ್ಲಿನಿಂದ ಕತ್ತು ಒರೆಸಿಕೊಂಡ.

“ಇದು ಗಂಡಾಳಿನ ಲೆಕ್ಕ. ಅವ್ವಾರು ಎಷ್ಟು ತೂಕ ಇದ್ರು?”

ಕಾರಿನ ತೂಕ ಮಾರೇಶನಿಗೆ ಗೊತ್ತು, ಎಂಜಿನ್ನಿನ ತೂಕ ಗೊತ್ತು. ಆ ತಿರುವಿನ ಬಾಗನ್ನು ಟೇಪು ಹಿಡಿದು ತಾನೇ ಅಳೆದಿದ್ದಾನೆ. ಅವ್ವನ ತೂಕ ಗೊತ್ತಿರಲಿಲ್ಲ. ಅವಳನ್ನು ಯಾರೂ ಯಾವತ್ತೂ ತೂಗಿರಲಿಲ್ಲ. ಮಿಲ್ಲಿನ ತಕ್ಕಡಿಗೆ ಹತ್ತಿಯ ಗಂಟು ಏರಿಸಿ, ಇಳಿಸಿ ಜೀವ ಸವೆಸಿದವಳು ಆ ತಕ್ಕಡಿಯ ಮೇಲೆ ತಾನು ನಿಂತವಳಲ್ಲ. ಅವಳ ಧ್ವನಿ ನೆನಪಿತ್ತು, ರೊಟ್ಟಿ ಬಡಿಯುವ ಸದ್ದು ನೆನಪಿತ್ತು. ದಪ್ಪಗಿದ್ದಳೋ ಸಣ್ಣಗಿದ್ದಳೋ ಎಂದು ಕೇಳಿಕೊಂಡರೆ ಬರೀ ಸೀರೆಯೊಂದು ಬಂದು ನಿಲ್ಲುತ್ತಿತ್ತು, ಒಳಗೆ ಮೈ ಇರಲಿಲ್ಲ. ಅವನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಹೆದರಿಕೆಯಾಯಿತು.

ಹೊರಗೆ ಬೇವಿನ ನೆರಳಿನಲ್ಲಿ ಓಬಣ್ಣ ನಿಂತಿದ್ದ. ಬಾ ಎಂದು ಮಗ ಹೇಳಿದ್ದಕ್ಕೆ ಬಂದಿದ್ದ. ಒಳಗೆ ಬಾ ಎಂದು ಯಾರೂ ಹೇಳದ್ದಕ್ಕೆ ಅಲ್ಲೇ ನಿಂತಿದ್ದ.

“ಅಪ್ಪಾ, ಅವ್ವ ಎಷ್ಟು ತೂಕ ಇದ್ಲು?”

ಇಷ್ಟು ವರ್ಷದಲ್ಲಿ ಅವ್ವನ ಬಗ್ಗೆ ಮಗ ಕೇಳಿದ ಮೊದಲ ಪ್ರಶ್ನೆ ಅದು. ಓಬಣ್ಣ ಮಗನ ಕಡೆ ನೋಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದ. ಚೀಲದ ಮುಂದೆ ಮೊಣಕಾಲೂರಿ ಕೂತು, ಒಂದು ಕೈಯನ್ನು ಚೀಲದ ಮೇಲ್ತುದಿಯ ಅಡಿಗೆ, ಇನ್ನೊಂದನ್ನು ಕೆಳತುದಿಯ ಅಡಿಗೆ ಹಾಕಿ ಎತ್ತಿದ. ಹಮಾಲರು ಚೀಲ ಎತ್ತುವ ರೀತಿಯಲ್ಲ ಅದು. ಮಲಗಿದವರನ್ನು ಎತ್ತುವ ರೀತಿ.

ಇಳಿಸಿದ. ಬಾಯಿ ಬಿಚ್ಚಿ ನೆಲಕ್ಕೆ ಜೋಳ ಸುರಿದ. ಮತ್ತೆ ಎತ್ತಿದ, ಮತ್ತೆ ಇಳಿಸಿ ಸುರಿದ. ಚಾಕಿನ ಬಾಣಗಳೆಲ್ಲ ಜೋಳದಲ್ಲಿ ಮುಚ್ಚಿಹೋದವು. ಇನ್ನೊಂದು ಸಲ ಎತ್ತಿ, ತಲೆ ಅಲ್ಲಾಡಿಸಿ, ಬೊಗಸೆಯಲ್ಲಿ ಬಳಿದು ಸ್ವಲ್ಪ ವಾಪಸು ಹಾಕಿದ. ಅದನ್ನೂ ಕೊಂಚ ತೆಗೆದ. ಸರಿಯಾಯಿತೋ ಇಲ್ಲವೋ ಅವನಿಗ್ಯಾಕೋ ತೀರ್ಮಾನವಾಗುತ್ತಿರಲಿಲ್ಲ. ಕೊನೆಗೊಮ್ಮೆ ಎತ್ತಿಕೊಂಡವನು ಇಳಿಸಲಿಲ್ಲ. ಹಾಗೇ ನಿಂತ.

“ಕೊಡು ಇಲ್ಲಿ,” ಎಂದು ಮುಂದೆ ಬಂದ ದೊಡ್ಡಬೀರಪ್ಪ.

“ಬ್ಯಾಡ.”

ತಾನೇ ಹೋಗಿ, ಹಿಂದಿನ ಬಾಗಿಲಿನಿಂದ ಬಗ್ಗಿ, ಚೀಲವನ್ನು ಎಡಗಡೆ ಕೂರಿಸಿದ. ಸೀಟಿನ ಅಂಚಿಗೆ.

“ಹಿಂದಕ್ಕ ಒರಗಿಸು ಓಬಣ್ಣಾ, ಬೀಳ್ತೈತಿ.”

“ಹಿಂಗೇ ಕುಂತಿದ್ಲು.”

ಮಾರೇಶ ಸ್ಟಿಯರಿಂಗಿನ ಮುಂದೆ ಕೂತ. ಓಬಣ್ಣ ಪಕ್ಕದಲ್ಲಿ ಕೂತು ಪಂಚೆಯನ್ನು ಮೊಣಕಾಲಿನ ಮೇಲೆ ಸರಿಮಾಡಿಕೊಂಡ. ದೊಡ್ಡಬೀರಪ್ಪ ಪಾನಾ ಹಿಡಿದು ಕಾರಿನಡಿಗೆ ಜಾರಿದ. “ಯಾರೂ ಅಲುಗಾಡಬ್ಯಾಡ್ರಿ!” ಎಂದು ಕೆಳಗಿನಿಂದ ಕೂಗಿದ. ಮೂವರೂ ಅಲುಗಾಡಲಿಲ್ಲ. ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಳ್ಳಲು ಕೂತ ಮನೆಯವರ ಹಾಗೆ ಮುಂದೆ ನೋಡುತ್ತ ಉಸಿರು ಹಿಡಿದಿದ್ದರು. ಹಾಗೆ ಅವರು ಒಂದೂ ಫೋಟೋ ತೆಗೆಸಿಕೊಂಡಿರಲಿಲ್ಲ.

ಹೊರಡುವಾಗ ದೊಡ್ಡಬೀರಪ್ಪ ಮುಂದಿನ ಗಾಲಿಗಳಡಿ ನಿಂಬೆಹಣ್ಣು ಇಟ್ಟ. ಮಾರೇಶ ಬೇಡವೆನ್ನಲಿಲ್ಲ, ಹ್ಞೂಂ ಎನ್ನಲೂ ಇಲ್ಲ. ಹಣ್ಣು ಪಿಚಕ್ಕೆಂದವು.

ಊರು ದಾಟಿದ ಮೇಲೆ ಎರಡೂ ಕಡೆ ಸೂರ್ಯಕಾಂತಿಯ ಹೊಲ. ಹೂವೆಲ್ಲ ಒಣಗಿ ತಲೆ ಬಗ್ಗಿಸಿದ್ದವು. ಕಾರು ಒಂದೊಂದು ತಗ್ಗನ್ನೂ ಬೆನ್ನುಮೂಳೆಗೆ ಒಪ್ಪಿಸುತ್ತಿತ್ತು. ಆದರೆ ಸ್ಟಿಯರಿಂಗು ಕೈಯಲ್ಲಿ ಬಿಗಿಯಾಗಿತ್ತು. ಬೆರಳು ಅಲುಗಿದರೆ ಸಾಕು, ಕಾರು ತಿರುಗುತ್ತಿತ್ತು. ಮಾರೇಶನಿಗೆ ಖುಷಿಯಾಯಿತು. ಆ ಖುಷಿಯಲ್ಲಿ ಕೇಳಿಯೇ ಬಿಟ್ಟ.

“ಆವತ್ತು ಎಷ್ಟು ಸ್ಪೀಡ್ ಇತ್ತು?”

“ನಿಧಾನ.”

“ನಿಧಾನ ಅಂದ್ರ?”

“ಆಕಿಗೆ ಹೆದರಿಕಿ. ನಿಧಾನ.”

ನಿಧಾನವಾಗಿದ್ದರೆ ಆ ಸ್ಪ್ರಿಂಗೇ ಸಾಕಿತ್ತು. ಇನ್ನೂ ಮೆತ್ತಗಿನ ಸ್ಪ್ರಿಂಗಾಗಿದ್ದರೂ ಸಾಕಿತ್ತು. ಇದನ್ನು ತಿಳಿಯಲು ಭೌತಶಾಸ್ತ್ರ ಬೇಕಿಲ್ಲ. ಮಾರೇಶ ಅಪ್ಪನ ಮಾತು ಕೇಳಿಸದವನಂತೆ ಆಕ್ಸಿಲರೇಟರ್ ಒತ್ತಿದ. ವೇಗ ಹೆಚ್ಚಿತು. ಪಕ್ಕದಲ್ಲಿ ಓಬಣ್ಣನ ಬಲಗಾಲು ಬರೀ ತಗಡನ್ನು ಒತ್ತುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ಅಲ್ಲಿ ಬ್ರೇಕಿರಲಿಲ್ಲ.

ದೂರದಲ್ಲಿ ಹುಣಸೆಮರ ಕಂಡಿತು.

ಅವನು ಬ್ರೇಕ್ ಮುಟ್ಟಲಿಲ್ಲ. ಮರ ದೊಡ್ಡದಾಯಿತು, ಅದರ ಬೊಡ್ಡೆಯ ಹಳೆಯ ಗಾಯ ಕಂಡಿತು. ಅವನು ಸ್ಟಿಯರಿಂಗನ್ನು ಬಲಕ್ಕೆ ಎಳೆದ. ಹೊಸ ಸ್ಪ್ರಿಂಗು ಭಾರವನ್ನು ಎದೆಕೊಟ್ಟು ತಡೆಯಿತು, ಅಡ್ಡಸರಳು ಬಿಗಿಯಿತು, ಕಾರು ಒಂದಿಷ್ಟೂ ವಾಲದೆ, ಚಾಕಿನಲ್ಲಿ ಎಳೆದ ಗೆರೆಯ ಮೇಲೆ ಹೋದಂತೆ ತಿರುಗಿತು. ಮರ ಬಂತು, ಮರ ಹೋಯಿತು. ಮುಂದೆ ಕೆರೆಯ ಏರಿ ನೆಟ್ಟಗೆ ಮಲಗಿತ್ತು.

“ನೋಡಿದ್ಯಾ ಅಪ್ಪಾ?” ಎಂದು ಅವನು ಕೂಗಿದ. “ನೋಡಿದ್ಯಾ?”

ಅಪ್ಪ ನೋಡಿರಲಿಲ್ಲ. ಮರ ಬರುವ ಮೊದಲೇ ಅವನು ಒಂದು ಕೈಯನ್ನು ಸೀಟಿನ ಬೆನ್ನಿಗೆ ಹಾಕಿ, ಇಡೀ ಮೈಯನ್ನು ತಿರುಗಿಸಿ ಹಿಂದಕ್ಕೆ ನೋಡುತ್ತಿದ್ದ. ತುಟಿ ಅಲುಗುತ್ತಿದ್ದವು. ಮೆಲ್ಲಗೆ, ತಮಾಷೆ ಮಾಡುವ ಧ್ವನಿಯಲ್ಲಿ, ಮಾರೇಶ ಹುಡುಗನಾಗಿದ್ದಾಗ ಕೇಳಿ ಮರೆತೇಹೋಗಿದ್ದ ಧ್ವನಿಯಲ್ಲಿ ಹೇಳುತ್ತಿದ್ದ:

“ಒರಗಿ ಕುಂದ್ರಲೇ. ಹೆದರಬ್ಯಾಡ. ಇವತ್ತು ನಿಂದೇ ಕಾರು.”

ಮಾರೇಶನ ಕಣ್ಣು ತಾನಾಗಿಯೇ ಗಾಜಿನ ಮೇಲಕ್ಕೆ ಹೋಯಿತು, ಹಿಂದೆ ಯಾರಿದ್ದಾರೆಂದು ನೋಡಲು. ಅಲ್ಲಿ ಎರಡು ಸ್ಕ್ರೂ ತೂತು ಇದ್ದವು.

ಇಪ್ಪತ್ತು ವರ್ಷ ಅಪ್ಪ ಹಿಂದೆ ನೋಡದೆ ಕಾರು ಓಡಿಸಿದ್ದ. ಹಿಂದೆ ಕೂತವರು ಅವನು ನೋಡಬಾರದವರು. ಒಂದು ದಿನ ನೋಡಬಹುದಾದವಳು ಬಂದು ಕೂತಳು. ಅವಳನ್ನು ನೋಡಲು ಅವನು ಕತ್ತು ತಿರುಗಿಸಬೇಕಾಯಿತು.

ಕುಡಿದಿರಲಿಲ್ಲ. ಒಂಬತ್ತು ವರ್ಷ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಎದೆ ಹಗುರಾಗುತ್ತದೆ ಎಂದು ಮಾರೇಶ ಕಾದ. ಹಗುರಾಯಿತು ಕೂಡ, ಖಾಲಿ ಚೀಲ ಹಗುರಾಗಿರುವಂತೆ.

“ಅಪ್ಪಾ,” ಎಂದ.

ಓಬಣ್ಣ ತಿರುಗಲಿಲ್ಲ. ಹಿಂದೆ ನೋಡುತ್ತಲೇ ನಗುತ್ತಿದ್ದ. ಯಾರೋ ತನ್ನ ಮಾತು ಕೇಳಿದಾಗ ನಗುವ ನಗೆ ಅದು. ಒರಗಿದಳೇ? ಮಾರೇಶನಿಗೆ ತಡೆಯಲಾಗಲಿಲ್ಲ. ಅವನೂ ತಿರುಗಿ ನೋಡಿದ.

ಎಡಕ್ಕೆ ನೀರು, ಬಲಕ್ಕೆ ಇಳಿಜಾರು. ಏರಿಯ ಮೇಲೆ ಕಾರು ವಾಲದೆ, ಕುಲುಕದೆ, ತನ್ನಷ್ಟಕ್ಕೆ ತಾನು ಮುಂದೆ ಹೋಗುತ್ತಿತ್ತು.